ಮದುವೆಯ ಹೂವು ಯಾರಿಗೆ ಒಪ್ಪಿಸುವುದು? ಮೈಸೂರು, ಮಂಡ್ಯದ ಮನೆಗಳಿಗೆ ಒಂದು ಹೋಲಿಕೆ

ನಮ್ಮ ಕಡೆ ಹಿಂದಿನ ದಿನ ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಧಾರೆ. ಛತ್ರದ ಬೀಗ ಕೈಗೆ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. 3 ಗಂಟೆಗೆ ಕೆಲಸ ಶುರುವಾದರೆ ಸಂಜೆ 7ಕ್ಕೆ ನೆಂಟರು ಬರುವ ಹೊತ್ತಿಗೆ ಸ್ಟೇಜು ಸಿದ್ಧವಾಗಬೇಕು. ಅದೇ ಹೂವು ಮರುದಿನ 11ರ ಮುಹೂರ್ತಕ್ಕೂ ಬಾಡದೆ ನಿಂತಿರಬೇಕು. ಲೆಕ್ಕ ಹಾಕಿ, 20 ಗಂಟೆ ಆಯಿತು. ಅಲಂಕಾರದವರು ಮೊಬೈಲಿನಲ್ಲಿ ತೋರಿಸುವ ಫೋಟೊ ಕೆಲಸ ಮುಗಿದ ಹತ್ತು ನಿಮಿಷಕ್ಕೆ ತೆಗೆದದ್ದು. ಆಮೇಲಿನ ಹೊತ್ತನ್ನು ಆ ಹೂವು ಹೇಗೆ ಕಳೆಯಿತು ಅನ್ನುವುದು ಫೋಟೊದಲ್ಲಿ ಕಾಣುವುದಿಲ್ಲ.

ನಾನು ಹೂವು ಮಾರುವವಳಲ್ಲ, ಅಲಂಕಾರದ ಕಂಪನಿಯೂ ನನ್ನದಲ್ಲ. ಮೈಸೂರಿನಲ್ಲಿದ್ದುಕೊಂಡು ಮಂಡ್ಯ, ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯ ಮದುವೆ, ಗೃಹಪ್ರವೇಶ, ಸೀಮಂತಗಳಿಗೆ ಮನೆಯವರ ಪರವಾಗಿ ನಿಂತು ಹೂವಿನ ಕೆಲಸ ಮಾಡಿಸುವುದು ನನ್ನ ಉದ್ಯೋಗ. ಶುರುವಿನ ದಿನಗಳಲ್ಲಿ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಒಬ್ಬ ಅಜ್ಜಿಯ ಮುಂದೆ ಫೋಟೊ ಹಿಡಿದು, ಇದಕ್ಕೆ ಯಾವ ಹೂವು ಹಾಕಿದ್ದಾರೆ ಅಂತ ಕೇಳಿದ್ದೆ. ಅವರು ಫೋಟೊ ಕಡೆ ನೋಡಲೇ ಇಲ್ಲ. "ಎಷ್ಟೊತ್ಗೆ ಅರಳಿರ್ಬೇಕು, ಎಷ್ಟೊತ್ತಿನ್‌ಗಂಟ ಇರ್ಬೇಕು, ಅದ್ನೇಳು ಕಣಮ್ಮಿ. ಹೂವ ಯಾವ್ದು ಅಂತ ನಾನೇಳ್ತೀನಿ" ಅಂದರು. ಇವತ್ತಿಗೂ ನಾನು ಕೆಲಸ ಹಿಡಿಯುವುದು ಆ ಪ್ರಶ್ನೆಯಿಂದಲೇ. ಕೆಳಗಿನ ಹೋಲಿಕೆಯನ್ನೂ ಅದೇ ಅಳತೆಗೋಲಿನಲ್ಲಿ ಮಾಡಿದ್ದೇನೆ.

ಮುಂದಿರುವ ದಾರಿಗಳು ಸಾಮಾನ್ಯವಾಗಿ ನಾಲ್ಕು. ಮಾರುಕಟ್ಟೆಯಿಂದ ಹೂವು ತಂದು, ಹೂವಾಡಿಗರನ್ನು ಕರೆಸಿ ಕಟ್ಟಿಸುವುದು ಒಂದು. ಛತ್ರದವರೇ ಗೊತ್ತು ಮಾಡಿಕೊಂಡಿರುವ ಅಲಂಕಾರದವರ ಪ್ಯಾಕೇಜ್ ಇನ್ನೊಂದು. ದೊಡ್ಡ ಈವೆಂಟ್ ಕಂಪನಿ ಮೂರನೆಯದು. ಹಿಂದೆ ಕೃತಕ ಹೂವು, ಮುಂದೆ ಒಂದಿಷ್ಟು ನಿಜ ಹೂವು ಇಡುವುದು ನಾಲ್ಕನೆಯದು.

ಹೂವಾಡಿಗರಿಗೆ ಕೊಟ್ಟರೆ

ನನ್ನ ಒಲವು ಇದರ ಕಡೆಗೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೈಸೂರು ಸೀಮೆಯಲ್ಲಿ ಸಿಗುವ ಹೂವು, ಅದನ್ನು ಕಟ್ಟುವ ಕೈ, ನಮ್ಮ ಶಾಸ್ತ್ರಗಳ ಹೊತ್ತು, ಈ ಮೂರೂ ಒಂದಕ್ಕೊಂದು ಒಗ್ಗಿಕೊಂಡಿವೆ. ಧಾರೆ ಮಂಟಪದ ನಾಲ್ಕು ಕಂಬಕ್ಕೆ ಎಷ್ಟು ದಪ್ಪದ ದಿಂಡು ಬೇಕು, ಹಸೆಮಣೆ ಹಿಂದೆ ಏನು ಬರಬೇಕು, ಕಳಶಕ್ಕೆ ಯಾವ ಹೂವು, ವರಪೂಜೆಯ ಹಾರ ಬೇರೆ, ಮುಹೂರ್ತದ ಹಾರ ಬೇರೆ, ಇದನ್ನೆಲ್ಲ ಅವರಿಗೆ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕೊಟ್ಟ ದುಡ್ಡಿನ ಹೆಚ್ಚಿನ ಪಾಲು ನೇರ ಹೂವಿಗೇ ಹೋಗುತ್ತದೆ.

ಆದರೆ ಮಲ್ಲಿಗೆಯ ಸ್ವಭಾವ ತಿಳಿದಿರಬೇಕು. ಮೈಸೂರು ಮಲ್ಲಿಗೆಗೆ ಹಡಗಲಿ ಮಲ್ಲಿಗೆ, ಉಡುಪಿ ಮಲ್ಲಿಗೆಯ ಜೊತೆ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಇದೆ, ಹೆಸರಿಗೆ ಕಡಿಮೆ ಏನಿಲ್ಲ. ಬೆಳಗಿನ ಜಾವ ಬಿಡಿಸಿದ ಮೊಗ್ಗು ಸಂಜೆ ಅರಳುತ್ತದೆ. ಆರತಕ್ಷತೆಗೆ ಇದಕ್ಕಿಂತ ಒಳ್ಳೆಯ ಹೂವು ಇಲ್ಲ. ಏಳು ಗಂಟೆಗೆ ಬಾಗಿಲಲ್ಲಿ ಕಾಲಿಟ್ಟವರಿಗೆ ಘಮ ಮೊದಲು ಮುಟ್ಟುತ್ತದೆ, ಸ್ಟೇಜು ಆಮೇಲೆ ಕಾಣುತ್ತದೆ. ಅದೇ ಹೂವು ಬೆಳಗ್ಗೆ ಧಾರೆಯ ಹೊತ್ತಿಗೆ ಕಂದಿ ಜೋತುಬಿದ್ದಿರುತ್ತದೆ. ಹಾಗಾಗಿ ಸ್ಟೇಜಿನ ಹಿನ್ನೆಲೆಗೆ ಮಲ್ಲಿಗೆ ಇಳಿಬಿಡುವ ಆಸೆಯಿದ್ದರೆ ಅದು ಸಂಜೆಗೆ ಮಾತ್ರ ಎಂದು ಇಟ್ಟುಕೊಳ್ಳಿ. ರಾತ್ರಿಯೇ ಬಿಚ್ಚಿ ಬೆಳಗ್ಗೆಗೆ ಬೇರೆ ಹೂವು ಕಟ್ಟಿಸಿ. ಇಲ್ಲವೇ ಮೊದಲಿಂದಲೂ ಸೇವಂತಿಗೆ, ಚೆಂಡು ಹೂವಿಗೆ ಹೋಗಿ, ಮಲ್ಲಿಗೆಯನ್ನು ಮುಡಿಗೆ, ಹಾರಕ್ಕೆ ಮೀಸಲಿಡಿ.

ಬೆಳಗಿನ ಮುಡಿಗೆ ಬೇಕಾದ ಮಲ್ಲಿಗೆಯನ್ನು ಮೊಗ್ಗಿನಲ್ಲೇ ಕಟ್ಟಿಸಿ, ಬಾಳೆಲೆಯಲ್ಲಿ ಸುತ್ತಿ, ಒದ್ದೆ ಬಟ್ಟೆ ಹೊದಿಸಿ ತಣ್ಣಗಿನ ಜಾಗದಲ್ಲಿಟ್ಟರೆ ಅರಳುವುದು ನಿಧಾನವಾಗುತ್ತದೆ. ಐಸ್ ಪೆಟ್ಟಿಗೆಯಲ್ಲಿ ಇಡುವುದಾದರೆ ಹೂವಿಗೆ ಐಸ್ ನೇರ ತಾಗಬಾರದು. ಅರಳಿದ ಮಲ್ಲಿಗೆಯ ಮೇಲೆ ನೀರು ಚಿಮುಕಿಸುವವರನ್ನು ಕಂಡರೆ ಕೈ ಹಿಡಿದು ನಿಲ್ಲಿಸಿ. ಎಸಳು ಬೇಗ ಕಂದುವುದಕ್ಕೆ ಅದೇ ಸಾಕು. ಮೊಗ್ಗಿನ ಜಡೆ ಹಾಕಿಸುವವರು ಜಡೆ ಹೆಣೆಯುವ ಹೊತ್ತನ್ನು ಇದೇ ಲೆಕ್ಕದಲ್ಲಿ ಗೊತ್ತು ಮಾಡಬೇಕು. ಹಿಂದಿನ ರಾತ್ರಿ ಹೆಣೆದಿಟ್ಟ ಜಡೆ ಬೆಳಗ್ಗೆ ಮೊಗ್ಗಿನ ಜಡೆಯಾಗಿ ಉಳಿದಿರುವುದಿಲ್ಲ.

ಉಳಿದ ಹೂವುಗಳ ತಾಳಿಕೆಯನ್ನೂ ಹೇಳಿಬಿಡುತ್ತೇನೆ. ಸೇವಂತಿಗೆಗೂ ಚೆಂಡು ಹೂವಿಗೂ ನೀರಿಲ್ಲದೆ 20 ಗಂಟೆ ಕಳೆಯುವುದು ಕಷ್ಟವಲ್ಲ. ಕನಕಾಂಬರಕ್ಕೆ ಘಮವಿಲ್ಲ, ಆದರೆ ಬಣ್ಣ ಬಿಟ್ಟುಕೊಡದೆ ಮರುದಿನಕ್ಕೂ ನಿಲ್ಲುತ್ತದೆ. ಮಲ್ಲಿಗೆ ಸಿಗದ ಚಳಿಗಾಲದಲ್ಲಿ ಕಾಕಡ ಆ ಜಾಗ ತುಂಬುತ್ತದೆ. ಸುಗಂಧರಾಜ ಸಂಜೆ ಕಟ್ಟಿದರೆ ಬೆಳಗ್ಗೆಯವರೆಗೆ ಚೆನ್ನಾಗಿರುತ್ತದೆ, ಮಧ್ಯಾಹ್ನದ ಊಟದ ಹೊತ್ತಿಗೆ ಅಂಚು ಕಂದುತ್ತದೆ. ಸುಗಂಧರಾಜದಲ್ಲಿ ಎಸಳು ಒಂದು ಸುತ್ತಿನದು, ಹೆಚ್ಚು ಸುತ್ತಿನದು ಎಂದು ಎರಡು ಬಗೆ. ಹಾರಕ್ಕೆ, ದಿಂಡಿಗೆ ಒಂದು ಸುತ್ತಿನದೇ ಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಜ್ವಲ್ ತಳಿ ಈ ಬಗೆಯದು, ಮೊಗ್ಗಿನ ತುದಿಯಲ್ಲಿ ತುಸು ಗುಲಾಬಿ ಛಾಯೆ ಇರುತ್ತದೆ. ಹೆಚ್ಚು ಸುತ್ತಿನದನ್ನು ಕಾಂಡದ ಸಮೇತ ಹೂದಾನಿಗೆ ಇಡಿ.

ಮರುಗ, ದವನ, ತುಳಸಿ, ಪಚ್ಚೆತೆನೆ ಇವನ್ನು ಜನ ಈಗ ಮರೆಯುತ್ತಿದ್ದಾರೆ. ನನಗೆ ಅದು ಬೇಸರದ ಸಂಗತಿ. ಹಸಿರಿಗೆ ಹಸಿರು, ಘಮಕ್ಕೆ ಘಮ, ಹೂವು ಸೋತ ಮೇಲೂ ಹಾರದ ಮರ್ಯಾದೆ ಉಳಿಸುವುದು ಇವೇ.

ಈ ದಾರಿಯ ತೊಂದರೆಗಳೂ ಇವೆ. ಹೂವಾಡಿಗರ ಹತ್ತಿರ ಕಬ್ಬಿಣದ ಚೌಕಟ್ಟು, ಏಣಿ, ಲೈಟು ಇರುವುದಿಲ್ಲ. ಅವನ್ನು ನೀವು ಬೇರೆ ಕಡೆಯಿಂದ ಗೊತ್ತು ಮಾಡಬೇಕು. ಒಬ್ಬರೇ ಇದ್ದರೆ ಅವರಿಗೆ ಮೈ ಹುಷಾರಿಲ್ಲದಾದಾಗ ಕೆಲಸ ನಿಂತುಹೋಗುತ್ತದೆ, ಆದ್ದರಿಂದ ಜೊತೆಗೆ ಯಾರು ಯಾರು ಬರುತ್ತಾರೆಂದು ಮೊದಲೇ ಕೇಳಿ. ಒಂದೇ ಮುಹೂರ್ತಕ್ಕೆ ಊರಲ್ಲಿ ನಾಲ್ಕಾರು ಮದುವೆ ಬಿದ್ದರೆ ಒಳ್ಳೆಯ ಕೈಗಳು ತಿಂಗಳ ಮುಂಚೆಯೇ ಒಪ್ಪಿಕೊಂಡಿರುತ್ತವೆ. ಮನೆಯ ಒಬ್ಬರು ಅವರ ಜೊತೆ ನಿಲ್ಲಲೇಬೇಕು. ಮದುವೆ ಹುಡುಗಿಯ ತಂದೆತಾಯಿಗೆ ಆ ಕೆಲಸ ಹಚ್ಚಬೇಡಿ, ಚಿಕ್ಕಪ್ಪನೋ ಸೋದರತ್ತೆಯೋ ವಹಿಸಿಕೊಳ್ಳಲಿ.

ಛತ್ರದ ಪ್ಯಾಕೇಜ್

ಅನುಕೂಲ ಎದ್ದು ಕಾಣುವಂಥದ್ದು. ಸ್ಟೇಜಿನ ಅಳತೆ ಅವರಿಗೆ ಬಾಯಿಪಾಠ, ಚೌಕಟ್ಟು ಅಲ್ಲೇ ಇರುತ್ತದೆ, ಕರೆಂಟಿನ ಪಾಯಿಂಟ್ ಎಲ್ಲಿ ಎಂದು ಹುಡುಕುವ ಪಾಡಿಲ್ಲ. ಬೆಳಗ್ಗೆ ಇನ್ನೊಂದು ಮದುವೆ ಖಾಲಿಯಾಗಿ ಮಧ್ಯಾಹ್ನ ನಿಮಗೆ ಸಿಗುವ ಛತ್ರವಾದರೆ ಮೂರು ನಾಲ್ಕು ಗಂಟೆಯಲ್ಲಿ ಕೆಲಸ ಮುಗಿಸುವ ಶಕ್ತಿ ಅವರಿಗೇ ಹೆಚ್ಚು.

ಆದರೆ ಇಲ್ಲಿ ಒಂದು ಕಡೆ ಕಣ್ಣಿಡಬೇಕು. ಒಂದು ಮದುವೆಯಲ್ಲಿ ಮಧ್ಯಾಹ್ನ ಬೇಗ ಹೋಗಿ ನೋಡಿದಾಗ, ಹಿಂದಿನ ಮದುವೆಯ ಸೇವಂತಿಗೆ ಸರಗಳನ್ನು ಕೆಳಗಿಳಿಸಿ, ಬಾಡಿದ್ದನ್ನು ಕಿತ್ತು, ನೀರು ಚಿಮುಕಿಸಿ ಮತ್ತೆ ಏರಿಸುತ್ತಿದ್ದರು. ಸಂಜೆಗೆ ಯಾರಿಗೂ ಗೊತ್ತಾಗಲಿಲ್ಲ. ಬೆಳಗ್ಗೆ ಎಲ್ಲರಿಗೂ ಗೊತ್ತಾಯಿತು, ಏಕೆಂದರೆ ಆ ಹೂವಿಗೆ ಆಗಲೇ ಎರಡು ದಿನದ ವಯಸ್ಸು. ಅಂದಿನಿಂದ ನಾನು ಒಪ್ಪಂದದಲ್ಲಿ ಒಂದು ಸಾಲು ಬರೆಸುತ್ತೇನೆ: ಹೂವು ಅದೇ ದಿನ ಛತ್ರಕ್ಕೆ ಬರಬೇಕು, ಬಂದಾಗ ಮನೆಯವರೊಬ್ಬರಿಗೆ ತೋರಿಸಬೇಕು. ಹೂವು ಹಳೆಯದೋ ಹೊಸದೋ ತಿಳಿಯಲು ಸೇವಂತಿಗೆಯ ತೊಟ್ಟಿನ ಬಳಿಯ ಎಸಳು ನೋಡಿ. ಅಲ್ಲಿ ಕಂದು ಗೆರೆ ಇದ್ದರೆ, ಮುಟ್ಟಿದರೆ ಎಸಳು ಕೈಗೆ ಬಂದರೆ, ಅದು ಇವತ್ತಿನದಲ್ಲ.

ಛತ್ರ ಗೊತ್ತು ಮಾಡುವ ದಿನವೇ ಇನ್ನೊಂದು ಮಾತು ಕೇಳಬೇಕು. ಹೊರಗಿನ ಅಲಂಕಾರದವರನ್ನು ಬಿಡುತ್ತಾರೋ ಇಲ್ಲವೋ, ಬಿಟ್ಟರೆ ಅದಕ್ಕೆ ಛತ್ರಕ್ಕೆ ಎಷ್ಟು ಕಟ್ಟಬೇಕು? ಕೆಲವು ಕಡೆ ಈ ಮೊತ್ತವೇ ದೊಡ್ಡದು. ಅಡ್ವಾನ್ಸ್ ಕೊಟ್ಟ ಮೇಲೆ ಇದು ಗೊತ್ತಾದರೆ ಮೂರು ದಾರಿಗಳ ಬಾಗಿಲು ಒಟ್ಟಿಗೇ ಮುಚ್ಚಿದ ಹಾಗೆ. ಗೋಡೆಗೆ ಮೊಳೆ ಹೊಡೆಯಬಹುದೇ, ಟೇಪು ಅಂಟಿಸಬಹುದೇ ಎನ್ನುವುದನ್ನೂ ಆಗಲೇ ಕೇಳಿ.

ಒಂದೇ ಫೋಟೊ, ಎರಡು ದರ

ಇಬ್ಬರು ಒಂದೇ ಫೋಟೊ ನೋಡಿ ಒಬ್ಬರು ಇನ್ನೊಬ್ಬರ ಎರಡರಷ್ಟು ದರ ಹೇಳಿದರೆ ಹೆಚ್ಚು ಹೇಳಿದವರು ಮೋಸ ಮಾಡುತ್ತಿದ್ದಾರೆ ಎಂದು ನಿರ್ಧರಿಸಬೇಡಿ. ಲೆಕ್ಕ ಮಾಡೋಣ. ಹಿನ್ನೆಲೆ 20 ಅಡಿ ಅಗಲ, 10 ಅಡಿ ಎತ್ತರ ಎಂದುಕೊಳ್ಳಿ. ಅರ್ಧ ಅಡಿಗೊಂದು ಸರ ಇಳಿಬಿಟ್ಟರೆ 41 ಸರ, ಒಟ್ಟು 410 ಅಡಿ. ಒಂದು ಮಾರು ಎಂದರೆ ನಾಲ್ಕು ಮೊಳ, ಸುಮಾರು 6 ಅಡಿ. ಹಾಗಾದರೆ 68 ಮಾರಿನ ಹತ್ತಿರ ಆಯಿತು. ಅದೇ ಒಂದು ಅಡಿಗೊಂದು ಸರ ಬಿಟ್ಟರೆ 21 ಸರ, 210 ಅಡಿ, 35 ಮಾರು. ಹೂವು ಅರ್ಧಕ್ಕೆ ಇಳಿಯಿತು. ದೂರದಿಂದ ತೆಗೆದ ಫೋಟೊದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ, ಎದುರು ನಿಂತಾಗ ಒಂದರಲ್ಲಿ ಹೂವು ಕಾಣುತ್ತದೆ, ಇನ್ನೊಂದರಲ್ಲಿ ಹಿಂದಿನ ಬಟ್ಟೆ ಕಾಣುತ್ತದೆ.

ಇದರ ಮೇಲೆ ಪೋಣಿಸುವ ಒತ್ತು ಬೇರೆ. ಹೂವಿಗೆ ಹೂವು ತಾಗುವಂತೆ ಪೋಣಿಸಿದ ಸರಕ್ಕೂ ಬೆರಳಗಲ ಬಿಟ್ಟು ಪೋಣಿಸಿದ ಸರಕ್ಕೂ ತೂಕ ಬೇರೆ. ಅಳೆಯುವವರ ಕೈ ಉದ್ದ ಇದ್ದರೆ ಮೊಳವೂ ಉದ್ದ. ಆದ್ದರಿಂದ ನಾನು ಮಾಡುವುದು ಹೀಗೆ: ಒಂದು ಮಾರು ಮಾದರಿ ಪೋಣಿಸಿ ತರಲು ಹೇಳಿ, ಟೇಪಿನಲ್ಲಿ ಅಳೆದು, ತೂಗಿ, ಆ ತೂಕವನ್ನು ಒಪ್ಪಂದದ ಚೀಟಿಯಲ್ಲಿ ಬರೆಯುತ್ತೇನೆ. ಆಮೇಲೆ ಹೋಲಿಸುವುದು ಮಾರಿನ ದರವನ್ನು, ಫೋಟೊವನ್ನಲ್ಲ. ಯಾರು ಈ ಲೆಕ್ಕಕ್ಕೆ ಬೇಸರವಿಲ್ಲದೆ ಕೂತುಕೊಳ್ಳುತ್ತಾರೋ ಅವರ ಕೆಲಸ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. "ಆಯ್ತು ಬಿಡಿ ಮೇಡಂ, ಫೋಟೊ ಥರಾನೇ ಮಾಡ್ಕೊಡ್ತೀವಿ" ಅಂತ ಮಾತು ಮುಗಿಸುವವರ ಹತ್ತಿರ ಎರಡನೇ ಸಲ ಕೇಳಿ.

ಈವೆಂಟ್ ಕಂಪನಿ

ಆರತಕ್ಷತೆಯೇ ಮುಖ್ಯ, ಸಾವಿರಾರು ಜನ ಬರುತ್ತಾರೆ, ಸ್ಟೇಜು ಅಗಲವಾದದ್ದು, ಪ್ರವೇಶದಿಂದ ಊಟದ ಹಾಲ್‌ವರೆಗೆ ಒಂದೇ ಬಣ್ಣದ ಯೋಜನೆ ಬೇಕು ಎನ್ನುವಾಗ ಇವರನ್ನು ಬಿಟ್ಟು ಬೇರೆಯವರಿಂದ ಕಷ್ಟ. ಎಂಟು ಹತ್ತು ಜನರ ತಂಡ ಬರುತ್ತದೆ, ರಾತ್ರಿಯಿಡೀ ಕೆಲಸ ಮಾಡುತ್ತದೆ. ಜರ್ಬೆರಾ, ಕಾರ್ನೇಷನ್, ಆರ್ಕಿಡ್, ಆಂಥೂರಿಯಂ, ಲಿಲಿಯಂ ಇವುಗಳ ಕಾಂಡವನ್ನು ನೀರಿನಲ್ಲಿ ಇಟ್ಟು ಉಳಿಸಿಕೊಳ್ಳುವ ವಿದ್ಯೆ ಅವರಿಗೆ ಗೊತ್ತು.

ಗೊತ್ತಿರುವವರು ಯಾರು, ಗೊತ್ತಿದ್ದಂತೆ ಮಾತಾಡುವವರು ಯಾರು ಎಂದು ಕಂಡುಕೊಳ್ಳಲು ಒಂದು ಪ್ರಶ್ನೆ ಸಾಕು: ಕಾಂಡಕ್ಕೆ ನೀರು ಎಲ್ಲಿಂದ? ಕಾರ್ನೇಷನ್, ಆರ್ಕಿಡ್, ಆಂಥೂರಿಯಂ ಒಂದಿಷ್ಟು ಹೊತ್ತು ನೀರಿಲ್ಲದೆ ತಾಳಬಹುದು. ಜರ್ಬೆರಾ ತಾಳುವುದಿಲ್ಲ, ಕತ್ತು ಬಗ್ಗಿಸಿಬಿಡುತ್ತದೆ. ಉದ್ದ ಕಾಂಡದ ಗುಲಾಬಿಯೂ ಹಾಗೆಯೇ. ಲಿಲಿಯಂ ಮೊಗ್ಗಿನಲ್ಲಿ ಬರುತ್ತದೆ, ಅರಳಲು ಎರಡು ಮೂರು ದಿನ ಬೇಕು. ಹಿಂದಿನ ದಿನ ತಂದರೆ ಸ್ಟೇಜಿನ ಮೇಲೆ ಹಸಿರು ಮೊಗ್ಗು ಮಾತ್ರ. ಅರಳಿದ ಲಿಲಿಯಂನ ಕೇಸರಗಳನ್ನು ಕಿತ್ತು ಇಡಬೇಕು. ಅದರ ಪರಾಗ ರೇಷ್ಮೆ ಸೀರೆಗೆ ತಾಗಿದರೆ ಕಲೆ ಹೋಗುವುದು ಬಹಳ ಕಷ್ಟ. ತಾಗಿಯೇಬಿಟ್ಟರೆ ಒದ್ದೆ ಕೈಯಲ್ಲಿ ಉಜ್ಜಬೇಡಿ, ಅಂಟುವ ಟೇಪು ಮೆಲ್ಲಗೆ ಒತ್ತಿ ಎತ್ತಿ.

ನಾನು ಕಲಿತ ಇನ್ನೊಂದು ಪಾಠ ಮಂಡ್ಯದ ಒಂದು ವೈಶಾಖದ ಮದುವೆಯಲ್ಲಿ. ಬೆಳಗಿನ ಮಂಟಪಕ್ಕೆಂದು ತಂದ ಕಾರ್ನೇಷನ್ ಮತ್ತು ಆರ್ಕಿಡ್ ಕಟ್ಟುಗಳನ್ನು ತಂಪು ಜಾಗ ಎಂದು ನಾನೇ ಉಗ್ರಾಣದಲ್ಲಿ ಇಡಿಸಿದ್ದೆ. ಅಲ್ಲಿ ತಾಂಬೂಲಕ್ಕೆ ತಂದ ಬಾಳೆಗೊನೆಗಳು ಹಣ್ಣಾಗುತ್ತಿದ್ದವು. ಬೆಳಗ್ಗೆ 4ಕ್ಕೆ ಬಾಗಿಲು ತೆಗೆದರೆ ಕಾರ್ನೇಷನ್ ಎಸಳುಗಳೆಲ್ಲ ಒಳಮುಖವಾಗಿ ಮುದುಡಿ, ಹೂವು ನಿದ್ದೆಹೋದಂತೆ ಕೂತಿದ್ದವು. ಹಣ್ಣಾಗುವ ಬಾಳೆ ಎಥಿಲೀನ್ ಅನಿಲ ಬಿಡುತ್ತದೆ, ಈ ಎರಡೂ ಹೂವಿಗೆ ಅದು ವಿಷ. ಆ ತಪ್ಪು ನನ್ನದು, ಆ ಮನೆಯವರ ಮುಂದೆ ಅದನ್ನು ಒಪ್ಪಿಕೊಂಡು, ಹೂವಾಡಿಗರಿಗೆ ಫೋನು ಮಾಡಿ ಸೇವಂತಿಗೆ, ಸುಗಂಧರಾಜ ತರಿಸಿ ಮಂಟಪ ಮುಗಿಸಿದೆವು. ನಮ್ಮ ಛತ್ರಗಳಲ್ಲಿ ಹೂವಿಗೂ ಹಣ್ಣಿಗೂ ಒಂದೇ ಕೋಣೆ ಕೊಡುವುದು ರೂಢಿ. ಅಡುಗೆಯವರೊಡನೆ ಮಾತಾಡಿ ಬೇರೆ ಮಾಡಿಸಿ. ಹಾಗೆಂದು ಎಲ್ಲವನ್ನೂ ಫ್ರಿಜ್ಜಿಗೆ ತುಂಬುವುದೂ ಸರಿಯಲ್ಲ. ಗುಲಾಬಿಗೆ ಚಳಿ ಹಿತ, ಆಂಥೂರಿಯಂ ಮತ್ತು ಆರ್ಕಿಡ್ ಬಿಸಿ ನಾಡಿನ ಹೂವು, ಹೆಚ್ಚು ಚಳಿಗೆ ಎಸಳು ಕಪ್ಪಾಗುತ್ತದೆ.

ಹೂವಿನ ಕಾಂಡ ಚುಚ್ಚಿ ನಿಲ್ಲಿಸಲು ಕಂಪನಿಯವರು ಬಳಸುವ ಹಸಿರು ಫೋಮಿನ ಬಗ್ಗೆಯೂ ಹೇಳಬೇಕು. ಅದನ್ನು ನೀರಿನ ಮೇಲೆ ತೇಲಿಬಿಟ್ಟರೆ ತಾನಾಗಿ ನೀರು ಕುಡಿದು ಮುಳುಗುತ್ತದೆ. ಅವಸರದಲ್ಲಿ ಕೈಯಿಂದ ಅದುಮಿ ಮುಳುಗಿಸಿದರೆ ನಡುವೆ ಗಾಳಿ ಉಳಿದು ಒಣಗಿರುತ್ತದೆ. ಅಲ್ಲಿ ಚುಚ್ಚಿದ ಹೂವು ಮೊದಲು ಸೋಲುತ್ತದೆ. ಫೋಮ್ ಪ್ಲಾಸ್ಟಿಕ್ ಜಾತಿಯದು, ಮಣ್ಣಲ್ಲಿ ಕರಗುವುದಿಲ್ಲ, ಪುಡಿಯಾಗಿ ನೀರು ಸೇರುತ್ತದೆ. ನಮ್ಮಲ್ಲಿ ಇದಕ್ಕೆ ಬದಲಿ ಬಹಳ ಹಿಂದಿನಿಂದಲೂ ಇದೆ, ಬಾಳೆದಿಂಡು. ತುಂಡು ಮಾಡಿ ಅದರಲ್ಲಿ ಕಾಂಡ ಚುಚ್ಚಿದರೆ ಒಂದು ದಿನ ತೇವ ಬಿಡುವುದಿಲ್ಲ. ದೊಡ್ಡ ಪಾತ್ರೆಯಾದರೆ ಒಳಗೆ ಕೋಳಿಬಲೆ (ಕೋಳಿಗೂಡಿಗೆ ಹಾಕುವ ತಂತಿಯ ಬಲೆ) ಮಡಿಸಿ ಇಟ್ಟು ನೀರು ತುಂಬಿ. ಇವೆರಡನ್ನೂ ಮಾಡಲು ಒಪ್ಪುವ ಕಂಪನಿಗಳು ಈಗ ಸಿಗುತ್ತವೆ. ಕೇಳದಿದ್ದರೆ ಮಾತ್ರ ಫೋಮೇ ಬರುತ್ತದೆ.

ಮೈಸೂರಿನ ಕಂಪನಿಗೆ ಮಂಡ್ಯದ ಕೆಲಸ ಕೊಡುವುದಾದರೆ ಗಾಡಿ ಯಾವುದು ಎಂದು ಕೇಳಿ. ದೂರ 45 ಕಿಲೋಮೀಟರ್ ಅಷ್ಟೇ. ಆದರೆ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಓಡಿಸುವಂತಿಲ್ಲ. ಹೂವು ಗೂಡ್ಸ್ ಆಟೊದಲ್ಲಿ ಬಂದರೆ ಸರ್ವಿಸ್ ರಸ್ತೆಯಲ್ಲಿ ಬರಬೇಕು, ಹೊತ್ತು ಹೆಚ್ಚು ಹಿಡಿಯುತ್ತದೆ. ಬಿಸಿಲಿನಲ್ಲಿ ತೆರೆದ ಗಾಡಿಯ ಗಾಳಿಗೆ ಗುಲಾಬಿ ಬಾಡಲು ಅಷ್ಟು ಸಾಕು. ಮುಚ್ಚಿದ ಟೆಂಪೊ ಇರಲಿ, ಬೆಳಗಿನ ಜಾವ ಹೊರಡಲಿ.

ಕೃತಕ ಹೂವು

ಹಿಂದಿನ ಗೋಡೆ ತುಂಬ ಬಟ್ಟೆಯ ಹೂವು, ಮುಂದೆ ಕೈಗೆಟುಕುವ ಜಾಗದಲ್ಲಿ ನಿಜ ಹೂವು, ಹೀಗೆ ಮಾಡಿದರೆ 20 ಗಂಟೆಯ ಚಿಂತೆ ಇಲ್ಲ, ಖರ್ಚೂ ಇಳಿಯುತ್ತದೆ. ಸಣ್ಣ ನಾಮಕರಣಕ್ಕೆ, ಹುಟ್ಟುಹಬ್ಬಕ್ಕೆ ಒಪ್ಪುತ್ತದೆ. ಧಾರೆ ಮಂಟಪಕ್ಕೆ ಮಾತ್ರ ಬೇಡ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬಾಡಿಗೆಗೆ ಬರುವ ಈ ಹೂಗಳು ಎಷ್ಟು ಮದುವೆಯ ಧೂಳು ಕಂಡಿವೆಯೋ, ಹತ್ತಿರದಿಂದ ನೋಡಿ ತೀರ್ಮಾನಿಸಿ. ಹೋಮದ ಹತ್ತಿರ ಪ್ಲಾಸ್ಟಿಕ್, ನೈಲಾನ್ ಬಟ್ಟೆ ಇರುವುದು ಅಪಾಯ ಕೂಡ.

ಯಾವ ತಿಂಗಳು?

ಇದರ ಮೇಲೆ ನಿಮ್ಮ ಆಯ್ಕೆ ಬುಡಮೇಲಾಗಬಹುದು. ಫಾಲ್ಗುಣದಿಂದ ವೈಶಾಖದವರೆಗಿನ ಮದುವೆಗಳಿಗೆ ಮಲ್ಲಿಗೆ ಧಾರಾಳ, ಆದರೆ ಬಿಸಿಲು ಜೋರು. ಈ ಕಾಲದಲ್ಲಿ ಹೂವಾಡಿಗರ ದಾರಿ ಹೆಚ್ಚು ಲಾಭ, ಕಾಂಡದ ಹೂವು ಕಡಿಮೆ ಇರಲಿ. ಆಷಾಢದಲ್ಲಿ ಮದುವೆ ಇಲ್ಲ, ಹೂವು ಅಗ್ಗ. ಗೃಹಪ್ರವೇಶವನ್ನೂ ಮಾಡುವುದಿಲ್ಲ, ಆದ್ದರಿಂದ ಆ ಅಗ್ಗ ನಮಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿ ಹಬ್ಬ. ಆ ಶುಕ್ರವಾರದ ಎರಡು ದಿನ ಮುಂಚಿನಿಂದಲೇ ಮಾರುಕಟ್ಟೆಯಲ್ಲಿ ದರ ದಿನಕ್ಕೊಂದು, ಕೆಲವೊಮ್ಮೆ ಗಂಟೆಗೊಂದು. ಆ ವಾರದಲ್ಲಿ ಮದುವೆ ಇದ್ದರೆ ಮೊದಲೇ ದರ ನಿಗದಿ ಮಾಡುವ ಪ್ಯಾಕೇಜ್ ಒಳ್ಳೆಯದು. ಹೂವಿನ ಬೆಲೆ ಏರಿದರೆ ಯಾರು ಹೊರಬೇಕು ಎಂದು ಬರೆಸಿಕೊಳ್ಳಿ. ಆಯುಧಪೂಜೆ, ದೀಪಾವಳಿಗೂ ಇದೇ ಮಾತು.

ಕಾರ್ತಿಕ, ಮಾರ್ಗಶಿರದಲ್ಲಿ ಸೇವಂತಿಗೆಯ ಸುಗ್ಗಿ. ಬಿಳಿ, ಹಳದಿ, ನೇರಳೆ, ಒಂದೇ ಹೂವಿನಲ್ಲಿ ಇಡೀ ಸ್ಟೇಜು ಮುಗಿಸಬಹುದು. ನನ್ನ ಕೈಯಲ್ಲಿ ಮುಗಿದ ಅತ್ಯಂತ ಚೆಂದದ ಮಂಟಪಗಳು ಈ ಎರಡು ತಿಂಗಳಿನವೇ. ಧನುರ್ಮಾಸ ಕಳೆದ ಮೇಲೆ ಮತ್ತೆ ಮಲ್ಲಿಗೆಗೆ ಕಾಯಬೇಕು, ಅಲ್ಲಿಯವರೆಗೆ ಕಾಕಡ.

ಮೈಸೂರಿನವರಿಗೆ ಒಂದು ಅನುಕೂಲ ಇದೆ. ದಸರಾ ಸಮಯದಲ್ಲಿ ಕುಪ್ಪಣ್ಣ ಪಾರ್ಕಿನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಮಾರ್ಗಶಿರಕ್ಕೆ ಮದುವೆ ಇಟ್ಟುಕೊಂಡವರು ಮೊದಲ ದಿನವೂ ಹೋಗಿ, ನಾಲ್ಕನೆಯ ದಿನವೂ ಹೋಗಿ. ಯಾವ ಹೂವು ತಾಳಿತು, ಯಾವುದು ಸೋತಿತು, ಸೋತಾಗ ಯಾವ ಬಣ್ಣಕ್ಕೆ ತಿರುಗಿತು ಎಂದು ನಿಮ್ಮ ಕಣ್ಣಿನಿಂದಲೇ ನೋಡಿಕೊಂಡು ಬನ್ನಿ.

ಹಳ್ಳಿ ಮನೆಯ ಚಪ್ಪರ, ಬೀಗರ ಊಟ

ಮಂಡ್ಯದ ಸುತ್ತ ಮನೆ ಮುಂದೆಯೇ ಚಪ್ಪರ ಹಾಕಿ ಮಾಡುವ ಶಾಸ್ತ್ರಗಳಿಗೆ ಮೇಲಿನ ನಾಲ್ಕರಲ್ಲಿ ಯಾವುದೂ ಬೇಕಿಲ್ಲ. ಬಾಗಿಲ ಎರಡೂ ಕಡೆ ಗೊನೆ ಬಿಟ್ಟ ಬಾಳೆಕಂಬ, ಕಂಬಗಳಿಗೆ ಕಬ್ಬಿನ ಜಲ್ಲೆ, ತೆಂಗಿನ ಗರಿಯ ಹೆಣಿಗೆ, ಮಾವಿನ ತೋರಣ, ಅಡಿಕೆ ಹೊಂಬಾಳೆ. ಕಬ್ಬು ತೋಟದಲ್ಲೇ ಇದೆ, ಜಲ್ಲೆಯನ್ನು ಸೋಗೆ ಸಮೇತ ನಿಲ್ಲಿಸಿದರೆ ಎತ್ತರದ ಕಂಬಕ್ಕೆ ಅದಕ್ಕಿಂತ ಗಂಭೀರವಾದ ಅಲಂಕಾರವನ್ನು ನಾನು ಕಂಡಿಲ್ಲ. ಹೊಂಬಾಳೆಯನ್ನು ಹೊದಿಕೆ ಸಮೇತ ತಂದು, ಬೇಕಾದ ಹೊತ್ತಿಗೆ ಸೀಳಿ ಬಿಡಿಸಿ. ಮೊದಲೇ ಬಿಡಿಸಿದರೆ ಬಣ್ಣ ಮಾಸುತ್ತದೆ. ಹೂವು ಎಂದರೆ ಚೆಂಡು ಹೂವಿನ ಸರ ಹತ್ತು ಹದಿನೈದು ಮಾರು, ದೇವರ ಮುಂದೆ ಒಂದಿಷ್ಟು ಬಿಡಿ ಹೂವು. ಸೋದರಮಾವಂದಿರು, ಭಾವಂದಿರು ಸೇರಿ ರಾತ್ರಿ ಕಟ್ಟಿ ಮುಗಿಸುತ್ತಾರೆ.

ಬೀಗರ ಊಟಕ್ಕೆ ಹೂವಿನ ಖರ್ಚು ಬೇಡ. ಶಾಮಿಯಾನದ ಬಾಗಿಲಿಗೆ ಒಂದು ತೋರಣ, ಹೊಸ ಜೋಡಿಗೆ ಎರಡು ಹಾರ. ಅಲ್ಲಿಗೆ ಬಂದವರ ಗಮನ ಎಲೆಯ ಮೇಲಿರುತ್ತದೆ, ಇರಲಿ.

ನಾನಾದರೆ

ಆಯ್ಕೆ ಒಂದೇ ಆಗಿರಬೇಕು ಎಂದೇನಿಲ್ಲ. ನಗರದ ಛತ್ರದಲ್ಲಿ ಎರಡು ಹೊತ್ತಿನ ಮದುವೆಯಾದರೆ ನಾನು ಕೆಲಸವನ್ನು ಸೀಳುತ್ತೇನೆ. ಚೌಕಟ್ಟು, ಬಟ್ಟೆ, ಲೈಟು ಛತ್ರದವರದೋ ಕಂಪನಿಯದೋ. ಸಂಜೆಯ ಸ್ಟೇಜಿಗೆ ಸೇವಂತಿಗೆ ಅಥವಾ ಚೆಂಡು ಹೂವು ಮೂಲ, ಮಲ್ಲಿಗೆ ಬಾಗಿಲ ಬಳಿ ಮತ್ತು ಜೋಡಿ ನಿಲ್ಲುವ ಜಾಗದ ಎರಡೂ ಬದಿಗೆ ಮಾತ್ರ. ಧಾರೆ ಮಂಟಪ ಪೂರ್ತಿ ಹೂವಾಡಿಗರದು, ಬೆಳಗಿನ ಜಾವ ಕಟ್ಟಬೇಕು. ಲೈಟು ಎಲ್‌ಇಡಿಯೇ ಇರಲಿ. ಹಳೆಯ ಹ್ಯಾಲೊಜನ್ ಬಿಸಿಗೆ ಹತ್ತಿರದ ಹೂವು ಎರಡು ಗಂಟೆಯಲ್ಲಿ ಒಣಗಿದ್ದನ್ನು ನೋಡಿದ್ದೇನೆ.

ಹಾರವನ್ನು ಮಾತ್ರ ಯಾವ ಪ್ಯಾಕೇಜಿಗೂ ಸೇರಿಸಬೇಡಿ. ಮುಹೂರ್ತದ ಹಾರ ಕಟ್ಟುವುದು ಬೇರೆಯೇ ಕಸುಬು. ಸುಗಂಧರಾಜ, ಬಟನ್ ಗುಲಾಬಿ, ಮರುಗ ಸೇರಿಸಿ ಕಟ್ಟಿದ ಒಳ್ಳೆಯ ಹಾರ ಭಾರವಾಗಿದ್ದರೂ ಕತ್ತಿಗೆ ಚುಚ್ಚುವುದಿಲ್ಲ. ಜರಿಯ ತಂತಿ ಹಾಕಿದ್ದು ಚುಚ್ಚುತ್ತದೆ. ಕಟ್ಟುವವರಿಗೆ ಮದುಮಕ್ಕಳ ಎತ್ತರ ಹೇಳಿ, ಬೆಳಗ್ಗೆ 6ಕ್ಕೆ ತಲುಪಲಿ, ತಂದವರ ಕೈಯಿಂದ ಯಾರು ತೆಗೆದುಕೊಂಡು ಎಲ್ಲಿಡುತ್ತಾರೆ ಎಂದು ಒಬ್ಬರ ಹೆಸರು ಬರೆದಿಡಿ. ಮುಹೂರ್ತದ ಗಡಿಬಿಡಿಯಲ್ಲಿ ಹಾರದ ಬುಟ್ಟಿ ಯಾವ ಕೋಣೆಯಲ್ಲಿದೆ ಎಂದು ಹುಡುಕುವ ಮನೆಗಳು ಬಹಳ.

ಚೀಟಿಯಲ್ಲಿ ಇರಲೇಬೇಕಾದದ್ದು: ಹೂವಿನ ಹೆಸರು, ಮಾರು ಅಥವಾ ಕೆಜಿ ಲೆಕ್ಕ, ಸರಗಳ ನಡುವಿನ ಅಂತರ, ಆ ಹೂವು ಸಿಗದಿದ್ದರೆ ಬದಲಿಗೆ ಯಾವುದು, ಕೆಲಸ ಮುಗಿಯುವ ಗಂಟೆ, ಬೆಳಗ್ಗೆ ಬಾಡಿದ್ದನ್ನು ಬದಲಿಸಲು ಯಾರು ಉಳಿಯುತ್ತಾರೆ, ಬಾಕಿ ಹಣ ಯಾವಾಗ. ಈ ಕೊನೆಯದನ್ನು ಧಾರೆ ಮುಗಿದ ಮೇಲೆ ಎಂದು ಬರೆಸಿ, ಆದರೆ ಮುಗಿದ ಕೂಡಲೇ ಕೊಟ್ಟುಬಿಡಿ. ರಾತ್ರಿಯಿಡೀ ಕೂತು ಕಟ್ಟಿದವರನ್ನು ಊಟಕ್ಕೂ ಕರೆಯದೆ, ದುಡ್ಡಿಗೆ ನಾಲ್ಕು ಸಲ ಅಲೆಸುವ ಮನೆಗೆ ಮುಂದಿನ ಸಲ ಒಳ್ಳೆಯ ಕೈ ಬರುವುದಿಲ್ಲ, ಬರಲೂ ಬಾರದು.

ಇಳಿಸುವ ಕೆಲಸ ಯಾರದು ಎಂಬುದೂ ಅದೇ ಚೀಟಿಯಲ್ಲಿರಲಿ. ಛತ್ರ ಬಿಡುವ ಹೊತ್ತಿಗೆ ಎಲ್ಲರೂ ಸುಸ್ತಾಗಿ, ಹೂವು, ದಾರ, ತಂತಿ, ಫೋಮ್ ಎಲ್ಲ ಒಂದೇ ರಾಶಿಯಾಗಿ ಕಸದ ಗಾಡಿಗೆ ಹೋಗುತ್ತದೆ. ಬಾಳೆನಾರಿನಲ್ಲಿ ಕಟ್ಟಿದ್ದಾದರೆ ಹಾಗೆಯೇ ಗೊಬ್ಬರದ ಗುಂಡಿಗೆ ಹಾಕಬಹುದು. ನೈಲಾನ್ ದಾರದ್ದಾದರೆ ಸರದ ಒಂದು ತುದಿ ಹಿಡಿದು ಎಳೆದರೆ ಹೂವು ಉದುರಿ ದಾರ ಕೈಯಲ್ಲಿ ಉಳಿಯುತ್ತದೆ. 68 ಮಾರಿಗೆ ಇಬ್ಬರು ಕೂತರೆ ಬೇಗ ಮುಗಿಯುವ ಕೆಲಸ ಅದು. ಹಳ್ಳಿಯವರಾದರೆ ಗೋಣಿಚೀಲದಲ್ಲಿ ತುಂಬಿ ತೆಂಗಿನ ಬುಡಕ್ಕೆ ಸುರಿಯಿರಿ.